ಸಿಯಾಂಗ್ ಜಾಡು ಹಿಡಿದು: ಡಿಬ್ರುಗಢದಿಂದ ಟೂಟಿಂಗ್ ತನಕ

ಬ್ರಹ್ಮಪುತ್ರ ಭಾರತದೊಳಗೆ ಬರುವ ಕಣಿವೆ ನೋಡಬೇಕು ಅಂತ ಆಸೆ ಇದ್ದರೆ, ಟಿಕೆಟ್ ಮಾಡಿಸುವ ಮೊದಲು ಹೆಸರುಗಳನ್ನು ಸರಿಯಾಗಿ ತಿಳಿದುಕೊಳ್ಳಿ. ಆ ಕಣಿವೆಯಲ್ಲಿ ಬ್ರಹ್ಮಪುತ್ರ ಅಂದರೆ ದಾರಿ ಸಿಗುವುದಿಲ್ಲ. ಟಿಬೆಟ್‌ನಲ್ಲಿ ಅದು ಯಾರ್ಲುಂಗ್ ತ್ಸಾಂಗ್ಪೋ. ಕೈಲಾಸದ ಸೀಮೆಯಲ್ಲಿ ಹುಟ್ಟಿ, ಹಿಮಾಲಯದ ಆಚೆ ಬದಿಯಲ್ಲಿ ಪೂರ್ವಕ್ಕೆ ಹರಿದು, 7,782 ಮೀಟರ್ ಎತ್ತರದ ನಾಮ್ಚಾ ಬರ್ವಾ ಪರ್ವತವನ್ನು ಬಳಸಿಕೊಂಡು ದಕ್ಷಿಣಕ್ಕೆ ತಿರುಗುತ್ತದೆ. ಅರುಣಾಚಲದ ಗೆಲ್ಲಿಂಗ್ ಹತ್ತಿರ ಗಡಿ ದಾಟಿದರೆ ಸಿಯಾಂಗ್. ಕೆಳಗೆ ಬಯಲಿನಲ್ಲಿ ದಿಬಾಂಗ್, ಲೋಹಿತ್ ನದಿಗಳು ಬಂದು ಕೂಡಿದ ಮೇಲೆಯೇ ಬ್ರಹ್ಮಪುತ್ರ.

ಇನ್ನೂ ಗೊಂದಲ ಇದೆ. ಹಳೆಯ ನಕ್ಷೆಗಳಲ್ಲಿ ಸಿಯಾಂಗ್‌ಗೆ ದಿಹಾಂಗ್ ಎಂದಿರುತ್ತದೆ. ದಿಬಾಂಗ್ ಪಕ್ಕದ ಕಣಿವೆಯ ಬೇರೆ ನದಿ. ಅಲ್ಲಿಗೆ ರೋಯಿಂಗ್ ಅನ್ನುವ ಊರಿನ ಮೇಲೆ ಹೋಗಬೇಕು. ಪಶ್ಚಿಮ ಸಿಯಾಂಗ್ ಜಿಲ್ಲೆ ಅಂತ ನೋಡಿ ಆಲೋದಲ್ಲಿ ರೂಮ್ ಮಾಡಿದರೂ ಕಷ್ಟ. ಆಲೋ ಇರುವುದು ಸಿಯೋಮ್ ದಡದಲ್ಲಿ. ಅದು ಉಪನದಿ, ಪಾಂಗಿನ್ ಹತ್ತಿರ ಬಂದು ಸಿಯಾಂಗ್ ಸೇರುತ್ತದೆ. ನಿಮಗೆ ಬೇಕಾದ ಊರುಗಳು ಪಾಸಿಘಾಟ್, ಪಾಂಗಿನ್, ಯಿಂಗ್ಕಿಯಾಂಗ್, ಟೂಟಿಂಗ್. ಸುಮೋದವರ ಹತ್ತಿರ ನದಿಯ ಹೆಸರು ಹೇಳಬೇಡಿ, ಊರಿನ ಹೆಸರು ಹೇಳಿ.

ಅರುಣಾಚಲಕ್ಕೆ ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರಗಿನವರು ಒಳಗೆ ಹೋಗಲು ಸರ್ಕಾರ ಕೊಡುವ ಅನುಮತಿ ಪತ್ರ, ಬೇಕೇ ಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ. ಪ್ರಿಂಟ್ ತೆಗೆದು ನಾಲ್ಕೈದು ಪ್ರತಿ ಇಟ್ಟುಕೊಳ್ಳಿ, ಫೋನಿನಲ್ಲಿದೆ ಅಂತ ನಂಬಿ ಕೂರಬೇಡಿ. ಹೋಗಬೇಕೆಂದಿರುವ ಜಿಲ್ಲೆಗಳು ಅದರಲ್ಲಿ ಬಂದಿವೆಯೇ ಅಂತ ಓದಿ ನೋಡಿ.

ಅಸ್ಸಾಂನ ಡಿಬ್ರುಗಢದಿಂದ ಪಾಸಿಘಾಟ್‌ಗೆ ಬ್ರಹ್ಮಪುತ್ರಕ್ಕೆ ಕಟ್ಟಿದ ಬೋಗಿಬೀಲ್ ಸೇತುವೆ ಮೇಲೆ ಹೋಗಬೇಕು. ಸುಮಾರು 4.94 ಕಿ.ಮೀ. ಉದ್ದ, ಮೇಲೆ ರಸ್ತೆ, ಕೆಳಗೆ ರೈಲು. 1997ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದವರು ಆಗ ಪ್ರಧಾನಿಯಾಗಿದ್ದ ನಮ್ಮ ಎಚ್.ಡಿ. ದೇವೇಗೌಡರು. ಸೇತುವೆ ತೆರೆದದ್ದು 2018ರ ಡಿಸೆಂಬರ್‌ನಲ್ಲಿ. ಅಲ್ಲಿಯ ತನಕ ಜನ, ಗಾಡಿ ಎಲ್ಲ ಫೆರ್ರಿಯಲ್ಲೇ ದಾಟಬೇಕಿತ್ತು. ಈ ಅಗಲವನ್ನು ಕಣ್ತುಂಬ ನೋಡಿಕೊಳ್ಳಿ. ಮೇಲೆ ಯಿಂಗ್ಕಿಯಾಂಗ್ ಹತ್ತಿರ ಇದೇ ನೀರು ಎರಡು ಬೆಟ್ಟಗಳ ನಡುವೆ ಇಕ್ಕಟ್ಟಾಗಿ ನುಗ್ಗುವುದನ್ನು ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಪಾಸಿಘಾಟ್‌ನಲ್ಲಿ ಒಂದು ಸಂಜೆಯಾದರೂ ಸಿಯಾಂಗ್ ದಡದಲ್ಲಿ ಕೂತುಕೊಳ್ಳಿ. ಬೆಟ್ಟ ಮುಗಿದು ಬಯಲು ಶುರುವಾಗುವ ಜಾಗ ಅದು. ಅಲ್ಲಿ ನನಗೆ ನೆನಪಾದದ್ದು ಕಿಂಥಪ್. ತ್ಸಾಂಗ್ಪೋ ಮತ್ತು ಬ್ರಹ್ಮಪುತ್ರ ಒಂದೇ ನದಿಯೋ ಅಲ್ಲವೋ ಅಂತ 19ನೇ ಶತಮಾನದಲ್ಲಿ ದೊಡ್ಡ ವಾದವಿತ್ತು. 1880ರಲ್ಲಿ ಬ್ರಿಟಿಷ್ ಸರ್ವೇಯವರು ಸಿಕ್ಕಿಂನ ಕಿಂಥಪ್‌ನನ್ನು ಒಬ್ಬ ಲಾಮಾ ಜೊತೆ ಟಿಬೆಟ್‌ಗೆ ಕಳಿಸಿದರು. ಗುರುತು ಹಾಕಿದ ಮರದ ತುಂಡುಗಳನ್ನು ನದಿಗೆ ಬಿಡಬೇಕು, ಕೆಳಗೆ ಅಸ್ಸಾಂ ಕಡೆ ಕಾದು ನೋಡಬೇಕು ಅನ್ನುವುದು ಲೆಕ್ಕಾಚಾರ. ಲಾಮಾ ಅವನನ್ನು ಜೀತಕ್ಕೆ ಮಾರಿ ಹೊರಟುಹೋದ. ಕಿಂಥಪ್ ಹೇಗೋ ತಪ್ಪಿಸಿಕೊಂಡ. ಆದರೂ ವಹಿಸಿದ ಕೆಲಸ ಬಿಡಲಿಲ್ಲ. 500 ತುಂಡು ಕಡಿದು, ದಿನಕ್ಕೆ 50ರಂತೆ ನೀರಿಗೆ ಬಿಟ್ಟ. ಅವನು ಮುಂಚೆಯೇ ಕಳಿಸಿದ್ದ ಪತ್ರ ತಲುಪಬೇಕಾದವರಿಗೆ ತಲುಪಿರಲಿಲ್ಲ. ಕೆಳಗೆ ಕಾಯುವವರೇ ಇರಲಿಲ್ಲ. ನಾಲ್ಕು ವರ್ಷದ ನಂತರ ಊರಿಗೆ ಬಂದು ಹೇಳಿದಾಗ ಬಹಳ ಜನ ನಂಬಲೂ ಇಲ್ಲ. 1913ರಲ್ಲಿ ಬ್ರಿಟಿಷ್ ಅಧಿಕಾರಿಗಳಾದ ಬೈಲಿ ಮತ್ತು ಮೋರ್ಸ್‌ಹೆಡ್ ತ್ಸಾಂಗ್ಪೋ ಕಮರಿಯ ದಾರಿ ನಡೆದು ಬಂದ ಮೇಲೆ ಅವನ ಮಾತು ಬಹುಪಾಲು ನಿಜ ಅಂತ ಗೊತ್ತಾಯಿತು. ಈ ನದಿಯ ನಕ್ಷೆಯಲ್ಲಿ ಅವನ ಹೆಸರು ಎಲ್ಲಾದರೂ ಇರಬೇಕಿತ್ತು ಅಲ್ವಾ?

ಪಾಸಿಘಾಟ್‌ನಿಂದ ಮೇಲೆ ಶೇರ್ ಸುಮೋಗಳು ಬೆಳಗ್ಗೆ ಬೇಗ ಹೊರಡುತ್ತವೆ. ಹಿಂದಿನ ದಿನವೇ ಸೀಟು ಹಿಡಿಯಿರಿ. ಯಿಂಗ್ಕಿಯಾಂಗ್‌ಗೆ ಒಂದು ದಿನ, ಅಲ್ಲಿಂದ ಟೂಟಿಂಗ್‌ಗೆ ಇನ್ನೊಂದು ದಿನ ಅಂತ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಆರು ಗಂಟೆ ತನಕ ತಿರುಗಬಹುದು ಅಂದುಕೊಳ್ಳಬೇಡಿ. ನಗದು ಜಾಸ್ತಿ ಇರಲಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ನೀರು ಹಸಿರಾಗಿ ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುತ್ತದೆ. ದಡದ ಮರಳು ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿ ಟೆಂಟ್ ಹಾಕಬೇಡಿ. 2000ದ ಏಪ್ರಿಲ್‌ನಲ್ಲಿ ಟಿಬೆಟ್‌ನ ಯಿಗಾಂಗ್‌ನಲ್ಲಿ ಗುಡ್ಡ ಕುಸಿದು ಉಪನದಿಗೆ ಅಡ್ಡಲಾಗಿ ಬಿತ್ತು. ಜೂನ್‌ನಲ್ಲಿ ಆ ಒಡ್ಡು ಒಡೆದು, ನೀರು ಈ ಕಣಿವೆಯ ಸೇತುವೆಗಳನ್ನೇ ಕೊಚ್ಚಿಕೊಂಡು ಹೋಯಿತು. ಗಡಿಯಾಚೆ ಏನಾಯಿತು ಅನ್ನುವುದು ಈಚೆ ದಡದವರಿಗೆ ಬದುಕಿನ ಪ್ರಶ್ನೆ.

ಊಟಕ್ಕೆ ಅನ್ನ, ಬೇಯಿಸಿದ ಸೊಪ್ಪು, ಹೊಗೆಯಲ್ಲಿ ಒಣಗಿಸಿದ ಮಾಂಸ. ಇಲ್ಲಿನ ಆದಿ ಬುಡಕಟ್ಟಿನ ಜನರ ಮನೆಗಳಲ್ಲಿ ಕಳಲೆ ಇದ್ದೇ ಇರುತ್ತದೆ, ಮಲೆನಾಡಿನವರಿಗೆ ಇಷ್ಟವಾಗುತ್ತದೆ. ಸಸ್ಯಾಹಾರಿಗಳಿಗೆ ಬೇಳೆ ಸಾರು ಸಿಗುತ್ತದೆ, ಮೊದಲೇ ಹೇಳಿಡಿ. ಟೂಟಿಂಗ್ ಕಡೆ ಬೌದ್ಧರಾದ ಮೆಂಬಾ ಜನರಿದ್ದಾರೆ, ಗೊಂಪಾಗಳಿವೆ (ಬೌದ್ಧ ಮಠಗಳು). ಅಲ್ಲಿಂದ ಮುಂದೆ ಗೆಲ್ಲಿಂಗ್ ಕಡೆ ಹೋಗುವುದಿದ್ದರೆ ಟೂಟಿಂಗ್‌ನಲ್ಲೇ ಸೇನೆಯವರನ್ನು ಕೇಳಿ. ಬೇಡ ಅಂದರೆ ವಾದಿಸಬೇಡಿ. ಫೋಟೋ ತೆಗೆಯುವ ಮುಂಚೆಯೂ ಕೇಳಿ.

ನದಿಯ ಇನ್ನೊಂದು ತುದಿಯನ್ನೂ ನೋಡುವ ಮನಸ್ಸಿದ್ದರೆ ಅದು ವೀಸಾ ಮಾಡಿಸಿ ಹೋಗಬೇಕಾದ ಬೇರೆಯೇ ಪ್ರವಾಸ. ಬಾಂಗ್ಲಾದೇಶದಲ್ಲಿ ಬ್ರಹ್ಮಪುತ್ರ ಎಂದರೆ ನಿಮ್ಮನ್ನು ಮೈಮನ್‌ಸಿಂಗ್‌ಗೆ ಕಳಿಸಬಹುದು. ಅಲ್ಲಿರುವುದು ಹಳೆಯ ಪಾತ್ರ, ಈಗ ಚಿಕ್ಕ ಹರಿವು. 18ನೇ ಶತಮಾನದ ಕೊನೆಯ ಹೊತ್ತಿಗೆ ದೊಡ್ಡ ನೀರು ಪಶ್ಚಿಮಕ್ಕೆ ಸರಿಯಿತು, ಅದನ್ನು ಅಲ್ಲಿ ಜಮುನಾ ಅನ್ನುತ್ತಾರೆ. ದೆಹಲಿಯ ಯಮುನೆಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ನೋಡಲು ಸಿರಾಜ್‌ಗಂಜ್‌ಗೆ ಹೋಗಿ. ಮುಂದೆ ಗಂಗೆಯನ್ನು ಕೂಡಿ ಪದ್ಮಾ, ಚಾಂದ್‌ಪುರದ ಬಳಿ ಮೇಘನಾ. ಢಾಕಾದ ಸದರ್‌ಘಾಟ್‌ನಿಂದ ಚಾಂದ್‌ಪುರಕ್ಕೆ ಲಾಂಚ್‌ಗಳಿವೆ.