ಚಳ್ಳಕೆರೆ ಬಯಲಿನಲ್ಲಿ ಮಂದೆ ಕಾಯುವ ಬಗೆ

ಚಿತ್ರದುರ್ಗದಿಂದ ಚಳ್ಳಕೆರೆಗೆ ಹತ್ತಿರ ಹತ್ತಿರ 30 ಕಿಲೋಮೀಟರ್. ಕಲ್ಲುಗುಡ್ಡಗಳು ಹಿಂದೆ ಸರಿಯುತ್ತ ಹೋದಂತೆ ಬಯಲು ಬಿಚ್ಚಿಕೊಳ್ಳುತ್ತದೆ. ಕುರಿ ನೋಡಲೆಂದೇ ಬರುವವರು ಶೇಂಗಾ ಕಿತ್ತ ಮೇಲೆ, ನವೆಂಬರ್ ಕಳೆದು ಬನ್ನಿ. ಆಗ ಹೊಲಗಳು ಖಾಲಿ ಇರುತ್ತವೆ, ಗೊಬ್ಬರಕ್ಕಾಗಿ ರೈತರು ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹಗಲಲ್ಲಿ ಹೋದರೆ ಮೇಯುವ ಕುರಿ ಮಾತ್ರ ಕಾಣುತ್ತದೆ. ಕಾಯುವ ಕೆಲಸ ಕಾಣಬೇಕಾದರೆ ಹೊತ್ತು ಮುಳುಗುವ ಮುಂಚೆ ತಲುಪಿ, ನೂರು ಹೆಜ್ಜೆ ದೂರದಲ್ಲೇ ನಿಲ್ಲಿ. ಕುರಿಗಾಹಿ ಕರೆದ ಮೇಲಷ್ಟೇ ಹತ್ತಿರ ಹೋಗಿ. ನಾಯಿ ಎದುರಾದರೆ ಓಡಬೇಡಿ, ಕಲ್ಲಿಗೆ ಬಗ್ಗಲೂಬೇಡಿ.

ಆ ನಾಯಿಯನ್ನೇ ಸ್ವಲ್ಪ ಹೊತ್ತು ನೋಡಬೇಕು. ಬಣ್ಣಕ್ಕೆ, ಮೈಕಟ್ಟಿಗೆ ಅದು ಸಾದಾ ಊರನಾಯಿ. ಆದರೆ ಮಲಗುವ ಜಾಗ ಬೇರೆ. ಬಲೆ ಕಟ್ಟಿ ಕುರಿ ಕೂಡಿದ ಮೇಲೆ ಅದು ಕುರಿಗಾಹಿಯ ಕಂಬಳಿಯ ಹತ್ತಿರ ಬರುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಮೂತಿ ಮಾಡಿ, ಬಲೆಗೆ ಬೆನ್ನು ತಾಗಿಸಿ ಮಲಗುತ್ತದೆ. ಮರಿಯೊಂದು ಬಲೆಯ ಸಂದಿಯಿಂದ ಅದರ ಕಿವಿ ಕಚ್ಚಿದರೂ ಎದ್ದು ಹೋಗುವುದಿಲ್ಲ. ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಬೆಳೆಸಿದ್ದು. ತಾಯಿಹಾಲು ಬಿಟ್ಟ ಕೂಡಲೇ, ಎರಡು ತಿಂಗಳೊಳಗೆ, ನಾಯಿಮರಿ ಕುರಿಮರಿಗಳ ಜೊತೆ ಬೆಳೆಯಬೇಕು. ಅದಕ್ಕೆ ಊಟ ಹಾಕುವುದೂ ಅಲ್ಲೇ. ಮನೆಯಲ್ಲಿ ಮುದ್ದು ಮಾಡಿ ಬೆಳೆಸಿದ ನಾಯಿ ಮನೆಯನ್ನೇ ಕಾಯುತ್ತದೆ. ಆರು ತಿಂಗಳು ದಾಟಿದ ಮೇಲೆ ಒಂದು ಕಷ್ಟದ ಕಾಲ ಬರುತ್ತದೆ: ಆಟಕ್ಕೆಂದು ಮರಿಗಳನ್ನು ಅಟ್ಟುವುದು, ಉಣ್ಣೆ ಎಳೆಯುವುದು ಶುರುವಾಗುತ್ತದೆ. ಆಗಲೇ ಗದರಿಸಿ ಬಿಡಿಸದಿದ್ದರೆ ಅಭ್ಯಾಸವಾಗಿಬಿಡುತ್ತದೆ. ಮುಧೋಳ ನಾಯಿ ತಂದರೆ ಸಾಕೆಂದು ನಂಬಿದವರಿದ್ದಾರೆ. ಅದು ಅಟ್ಟಿ ಹಿಡಿಯುವ ಬೇಟೆನಾಯಿ, ಮಂದೆ ಬಿಟ್ಟು ದೂರ ಓಡಿದರೆ ಹಿಂದೆ ಕಾಯುವವರು ಯಾರು?

ಕಾವಲಿಗೆ ನಾಯಿಯೇ ಆಗಬೇಕೆಂದಿಲ್ಲ; ಆಸ್ಟ್ರೇಲಿಯಾದ ಕುರಿ ಫಾರಂಗಳಲ್ಲಿ ಆಲ್ಪಾಕಾ ಬಿಡುತ್ತಾರೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ, ಒಂಟೆ ಕುಲದ ಪ್ರಾಣಿ, ತೂಕ 55ರಿಂದ 80 ಕಿಲೋ. ಅದಕ್ಕೆ ನರಿಜಾತಿಯ ಪ್ರಾಣಿಗಳನ್ನು ಕಂಡರಾಗದು. ಕತ್ತು ನೆಟ್ಟಗೆ ಮಾಡಿ, ಕಿವಿ ಮುಂದಕ್ಕೆ ಚಾಚಿ ದಿಟ್ಟಿಸುತ್ತದೆ, ಕೀರಲು ದನಿಯಲ್ಲಿ ಎಚ್ಚರಿಕೆ ಕೂಗು ಹಾಕುತ್ತದೆ, ಮತ್ತೂ ಹತ್ತಿರ ಬಂದರೆ ಅಟ್ಟಿಸಿಕೊಂಡು ಹೋಗಿ ಮುಂಗಾಲಿನಿಂದ ತುಳಿಯುತ್ತದೆ. ಹೊಸದಾಗಿ ಹುಟ್ಟಿದ ಮರಿಗಳನ್ನು ನರಿಯಿಂದ ಉಳಿಸಲು ಇಷ್ಟು ಸಾಕು.

ಇಡುವ ಕ್ರಮವೂ ಇದೆ. ಬೀಜ ಒಡೆದ ಗಂಡೇ ಆಗಬೇಕು, ಒಂದೂವರೆ ಎರಡು ವರ್ಷ ತುಂಬಿರಬೇಕು. ಬೀಜ ಒಡೆಯದ ಗಂಡು ಆಲ್ಪಾಕಾ ಕುರಿಗಳ ಮೇಲೇರುತ್ತದೆ. ಆಲ್ಪಾಕಾಗಳು ಕೂಡುವಾಗ ಹೆಣ್ಣು ನೆಲಕ್ಕೆ ಕೂರುತ್ತದೆ, ಆದ್ದರಿಂದ ಗಂಡು ಆಲ್ಪಾಕಾ ಕುರಿಯನ್ನೂ ಅದುಮಿ ಕೂರಿಸಲು ನೋಡುತ್ತದೆ, ಕುರಿ ಸತ್ತೇ ಹೋಗಬಹುದು. ಒಂದು ಮಂದೆಗೆ ಒಂದು ಅಥವಾ ಎರಡು. ಹೆಚ್ಚಿಗೆ ಬಿಟ್ಟರೆ ತಮ್ಮದೇ ಗುಂಪು ಕಟ್ಟಿಕೊಂಡು ಕುರಿಯನ್ನು ಮರೆಯುತ್ತವೆ. ಈಯುವ ಕಾಲಕ್ಕೆ ಕೆಲವು ವಾರ ಮೊದಲೇ ಸಣ್ಣ ಆವರಣದಲ್ಲಿ ಕುರಿಗಳ ಜೊತೆ ಬಿಟ್ಟು ಒಗ್ಗಿಸಬೇಕು. ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸಬೇಕು, ಉಗುರು ಆಗಾಗ ಕತ್ತರಿಸಬೇಕು. ಬಿಸಿಲಿಗೆ ಬಸವಳಿದರೆ ಬೆನ್ನಿನ ಮೇಲೆ ನೀರು ಹೊಯ್ಯುವುದು ದೊಡ್ಡ ತಪ್ಪು: ತೊಯ್ದ ಉಣ್ಣೆ ಸೆಕೆಯನ್ನು ಒಳಗೇ ಹಿಡಿದಿಡುತ್ತದೆ. ಉಣ್ಣೆ ತೆಳುವಾಗಿರುವ ಹೊಟ್ಟೆಗೆ, ತೊಡೆಯ ಒಳಭಾಗಕ್ಕೆ ನೀರು ಹಾಕಬೇಕು.

ಚಳ್ಳಕೆರೆಯ ಏಪ್ರಿಲ್ ಬಿಸಿಲನ್ನು ನೆನೆದರೆ ಇದೊಂದೇ ಸಾಕು, ಆಲ್ಪಾಕಾ ಇಲ್ಲಿಗೆ ಬೇಡವೆನ್ನಲು. ಅದಕ್ಕಿಂತ ದೊಡ್ಡ ಕಾರಣ ಇಲ್ಲಿನ ಶತ್ರು. ಗುಂಪಾಗಿ ಬರುವ ತೋಳ, ಬೀದಿನಾಯಿಗಳ ಹಿಂಡು, ಚಿರತೆ ಇವುಗಳ ಮುಂದೆ ಆಲ್ಪಾಕಾ ತಾನೇ ಆಹಾರ. ಒಂಟಿ ನರಿಯ ಮೇಲೆ ನಡೆಯುವ ಧೈರ್ಯ ಅಲ್ಲಿ ನಡೆಯುವುದಿಲ್ಲ. ಜಗಳೂರು ಕಡೆಗೆ, ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಅಭಯಾರಣ್ಯವಿರುವ ರಂಗಯ್ಯನದುರ್ಗದಂಥ ಕಾಡಂಚಿಗೆ ಹೋದರೆ ಚಿರತೆಯ ಲೆಕ್ಕವನ್ನೂ ಹಾಕಲೇಬೇಕು. ಚಿರತೆ ಕುತ್ತಿಗೆಗೇ ಬಾಯಿ ಹಾಕುವುದರಿಂದ ನಾಯಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುವ ಪದ್ಧತಿ ಇದೆ. ಹಗುರವಾದ ಬಲೆ ಚಿರತೆಯನ್ನು ತಡೆಯದು, ಜಾಲಿಮುಳ್ಳು ಒತ್ತೊತ್ತಾಗಿ ಪೇರಿಸಿದ ಎದೆಮಟ್ಟದ ಬೇಲಿ, ಬೆಂಕಿ, ಎಚ್ಚರವಿರುವ ಒಬ್ಬ ಮನುಷ್ಯ, ಮೂರೂ ಬೇಕು.

ಕುರಿ ಸತ್ತಾಗ ತೋಳನ ಮೇಲೆ ಹೊರಿಸುವ ಮುನ್ನ ಗಾಯ ನೋಡಿ. ಹಿಂಗಾಲು, ಪಕ್ಕೆ ಹರಿದು, ಹತ್ತಾರು ಕುರಿ ಗಾಯಗೊಂಡು, ತಿಂದದ್ದು ಕಡಿಮೆಯಿದ್ದರೆ ಹೆಚ್ಚಾಗಿ ಅದು ನಾಯಿಯದೇ ಕೆಲಸ. ಗಂಟಲಲ್ಲಿ ಆಳವಾದ ಹಲ್ಲಿನ ಗುರುತು, ಎಳೆದೊಯ್ದ ಜಾಡು ಕಂಡರೆ ಚಿರತೆಯನ್ನು ನೆನೆಯಬೇಕು. ತೋಳ ಸಾಮಾನ್ಯವಾಗಿ ಮರಿಯನ್ನು ಕಚ್ಚಿಕೊಂಡು ಹೋಗಿಬಿಡುತ್ತದೆ. ಪರಿಹಾರ ಕೇಳುವುದಾದರೆ ಸತ್ತ ಕುರಿಯನ್ನು ಜರುಗಿಸದೆ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಬೇಕು. ಹೂತ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ.

ರಾತ್ರಿ ಉಳಿದವರು ಬೆಳಗಾದ ಕೂಡಲೇ ಹೊರಡಬೇಡಿ. ಇಬ್ಬನಿ ಆರುವವರೆಗೆ ಬಲೆ ಬಿಚ್ಚುವುದಿಲ್ಲ. ಇಬ್ಬನಿ ಹುಲ್ಲಿನ ತುದಿಯಲ್ಲಿ ಜಂತುಹುಳದ ಮರಿಗಳಿರುತ್ತವೆ. ಬಿಚ್ಚಿದಾಗ ಕುರಿಗಳು ಇಕ್ಕಟ್ಟಾದ ಬಾಯಿಂದ ಒಂದೊಂದಾಗಿ ಹೊರಬೀಳುತ್ತವೆ, ಕುರಿಗಾಹಿ ಎಣಿಸುತ್ತಾನೆ. ನಾಯಿ ಮಾತ್ರ ಖಾಲಿಯಾದ ಬಲೆಯ ಸುತ್ತ ಮೂಸುತ್ತ ಒಂದು ಸುತ್ತು ಹಾಕಿ, ಆಮೇಲೆ ಮಂದೆಯ ಹಿಂದೆ ಹೊರಡುತ್ತದೆ.