ಸಮುದ್ರವಿಲ್ಲದ ಧಾರವಾಡದಲ್ಲಿ ಹವಳ ಹೇಗೆ ಬದುಕುತ್ತದೆ?

ದಸರೆಗೆ ಬನ್ನಿ ಕೊಡಲು ಬಂದವರು ನಮ್ಮ ಪಡಸಾಲೆಯ ಹವಳದ ಟ್ಯಾಂಕಿನ ಮುಂದೆ ನಿಂತೇ ಬಿಡುತ್ತಾರೆ. ಆಮೇಲಿನ ಪ್ರಶ್ನೆ ಪ್ರತಿವರ್ಷ ಅದೇ: “ಏನ್ರೀ, ನೀರು ಕಾರವಾರದಿಂದ ತರ್ತೀರೇನು? ಇವು ಸಾಯದಂಗ ಇರಾಕ ಅದರಾಗ ಏನ್ ಹಾಕ್ತೀರಿ?”

ನೀರು ಕಾರವಾರದ್ದಲ್ಲ, ನಳದ್ದು. ನವಿಲುತೀರ್ಥದ ಅಣೆಕಟ್ಟೆಯಿಂದ ಬರುವ ಮಲಪ್ರಭೆ. ಇನ್ನು ದಿನವೂ ಹಾಕುವುದು ಒಂದೇ, ಆವಿಯಾಗಿ ಹೋದಷ್ಟು ಸಿಹಿನೀರು. ಹೀಗಂದರೆ ನಾನು ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಘಟ್ಟ ಇಳಿದು ಕ್ಯಾನ್ ತುಂಬಿಕೊಂಡು ಬರುವುದು ಆಗದ ಮಾತೇನಲ್ಲ. ಆದರೆ ದಂಡೆಯ ನೀರು ತಿಂಗಳಿಗೊಂದು ಥರ ಇರುತ್ತದೆ. ಮಳೆಗಾಲದಲ್ಲಿ ಕಾಳಿ ನದಿ ಘಟ್ಟದ ಮಣ್ಣನ್ನೆಲ್ಲ ಹೊತ್ತು ತಂದು ಅಲ್ಲೇ ಸಮುದ್ರ ಸೇರುತ್ತದೆ. ಆಗ ನೀರಿನ ಉಪ್ಪೂ ಇಳಿಯುತ್ತದೆ. ಹಾಗಾದರೆ ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪನ್ನೇ ನೀರಿಗೆ ಹಾಕಿದರಾಗದೇ ಎಂದು ಹಿರಿಯರೊಬ್ಬರು ಕೇಳಿದ್ದರು. ನನಗೆ ಬಹಳ ಹಿಡಿಸಿದ ಪ್ರಶ್ನೆ ಅದು. ಸಮುದ್ರದ ಲವಣಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಶೇಕಡಾ 85ರಷ್ಟು. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಉಪ್ಪಿನಾಗರದಲ್ಲಿ ನೀರು ಇಂಗುತ್ತ ಬಂದಂತೆ ಕ್ಯಾಲ್ಸಿಯಂ ಮೊದಲೇ ತಳ ಸೇರುತ್ತದೆ. ಆಮೇಲೆ ಅಡಿಗೆಯ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಬಹುಪಾಲು ಕೊನೆಗೆ ಉಳಿಯುವ ಕಹಿನೀರಿನಲ್ಲೇ ಹೊರಗೆ ಹೋಗುತ್ತದೆ. ಅಡಿಗೆಗೆ ಅದು ಒಳ್ಳೆಯದೇ. ಹವಳಕ್ಕೆ ಬೇಕಾದದ್ದು ಆ ಬಿಟ್ಟುಹೋದದ್ದೂ ಹೌದು. ಅದಕ್ಕೇ ಎಲ್ಲವನ್ನೂ ಸಮುದ್ರದ ಪ್ರಮಾಣದಲ್ಲೇ ಬೆರೆಸಿದ ರೀಫ್ ಸಾಲ್ಟ್ ಡಬ್ಬಿಯನ್ನು ತರಿಸುತ್ತೇನೆ.

ಅದನ್ನು ಕಲಸುವ ನೀರು ಬರೀ ನೀರಾಗಿರಬೇಕು. ಅಡಿಗೆಮನೆಯ ಆರ್‌ಓ ಯಂತ್ರಗಳಲ್ಲಿ ರುಚಿಗೆಂದು ಸ್ವಲ್ಪ ಹಸಿನೀರನ್ನು ಸೇರಿಸುವ ವಾಲ್ವ್ ಹೆಚ್ಚಾಗಿ ಇರುತ್ತದೆ. ಅದನ್ನು ಮುಚ್ಚಿಸಿ, ಉಳಿದ ಲವಣವನ್ನೂ ಹಿಡಿದಿಡುವ ಡಿಐ ಕಾರ್ಟ್ರಿಜ್ ಒಂದನ್ನು ಕೊನೆಗೆ ಕೂಡಿಸಿದ್ದೇನೆ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ವಾರಕ್ಕೊಮ್ಮೆ 12 ಲೀಟರ್ ಹಳೆ ನೀರು ತೆಗೆದು ಹೊಸದು ಹಾಕುತ್ತೇನೆ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಕಲಸಿ, ಸಣ್ಣ ಪಂಪ್ ಬಿಟ್ಟು, ಉಪ್ಪು ಪೂರಾ ಕರಗಿದ ಮೇಲೆ.

ಈಗ ಮುಖ್ಯ ವಿಷಯ. ಕಲ್ಲುಗಳ ಜಾಗ ಕಳೆದರೆ ನನ್ನ ಟ್ಯಾಂಕಿನಲ್ಲಿರುವುದು ಸುಮಾರು 120 ಲೀಟರ್. ಲೀಟರಿಗೆ 35 ಗ್ರಾಂನಂತೆ ಅದರಲ್ಲಿ ನಾಲ್ಕು ಕಿಲೋ ಮೇಲೆ ಉಪ್ಪು ಕರಗಿದೆ. ಏಪ್ರಿಲ್ ತಿಂಗಳ ಧಾರವಾಡದ ಒಣಹವೆಗೆ ದಿನಕ್ಕೆ 4 ಲೀಟರ್ ಹಾರಿಹೋಗುತ್ತದೆ. ಹಾರುವುದು ನೀರು ಮಾತ್ರ, ಉಪ್ಪು ಅಲ್ಲೇ. ಐದು ದಿನ ಸುಮ್ಮನಿದ್ದರೆ ನೀರು 100 ಲೀಟರಿಗೆ ಇಳಿದು, ಉಪ್ಪು 35ರಿಂದ 42ಕ್ಕೆ ಏರುತ್ತದೆ. ಅದನ್ನು ಕಂಡು ಗಾಬರಿಯಾಗಿ ಒಮ್ಮೆಲೇ 20 ಲೀಟರ್ ಸುರಿದರೆ ಎರಡನೇ ಪೆಟ್ಟು. ಹವಳ ಓಡಿಹೋಗುವ ಪ್ರಾಣಿಯಲ್ಲ, ಕೂತಲ್ಲೇ ಎರಡನ್ನೂ ತಿನ್ನಬೇಕು. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಕಪ್ಪು ಟೇಪಿನ ಪಟ್ಟಿ ಹಚ್ಚಿದ್ದೇನೆ. ನೀರು ಪಟ್ಟಿಯಿಂದ ಒಂದು ಸೆಂಟಿಮೀಟರ್ ಕೆಳಗಿದ್ದರೆ ಮೂರೂವರೆ ಲೀಟರಿನ ಹತ್ತಿರ ಹೋಗಿದೆ ಎಂದರ್ಥ. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಹಾಕುತ್ತೇನೆ, ಅದೇ ಆರ್‌ಓ ಯಂತ್ರದ ಸಿಹಿನೀರನ್ನೇ. ಇಲ್ಲಿ ಉಪ್ಪುನೀರು ಹಾಕಿ ಕೆಟ್ಟವರು ಬಹಳ ಜನ.

ಈ ಕೆಲಸದಲ್ಲೇ ನಮ್ಮ ಮನೆಯಲ್ಲೊಂದು ಅನಾಹುತವಾಯಿತು. ಮದುವೆಗೆಂದು ನಾಲ್ಕು ದಿನ ಗದಗಿಗೆ ಹೋಗಿದ್ದೆ. ನೀರು ಹಾಕುವುದನ್ನು ಅವ್ವನಿಗೆ ತೋರಿಸಿದ್ದೆ. ಅವಳು ಪಟ್ಟಿಗೆ ಸರಿಯಾಗಿಯೇ ಹಾಕಿದ್ದಳು, ಕೂದಲೆಳೆ ತಪ್ಪಿಲ್ಲ. ವಾಪಸ್ ಬಂದು ನೋಡಿದರೆ ಗಾಜು ಸವರಿಕೊಂಡು ಇರುತ್ತಿದ್ದ ಶಂಖದ ಹುಳುಗಳು ಮರಳಿನ ಮೇಲೆ ಅಂಗಾತ ಬಿದ್ದಿವೆ. ಅಂಗೈಯಗಲ ಬಿಚ್ಚಿರುತ್ತಿದ್ದ ಮಶ್ರೂಮ್ ಹವಳ ಒಣದ್ರಾಕ್ಷಿಯಂತೆ ಮುದುಡಿದೆ. ಹೂವು ಅರಳಿಸಿದಂತೆ ಮಿಡಿಯುತ್ತಿದ್ದ ಜೀನಿಯಾ ಹವಳ ಕರಗಿ ಬೂದು ಲೋಳೆಯಾಗಿದೆ. ಉಪ್ಪು ನೋಡಿದೆ, 35. ಶಾಖ ನೋಡಿದೆ, 26. ಕೊನೆಗೆ ಅವ್ವನನ್ನೇ ಕೇಳಿದೆ.

“ಕ್ಯಾನಿನ ನೀರು ಎರಡ ದಿನಕ್ಕ ಮುಗೀತಪಾ. ಅದ ಮಷೀನಿನ ನೀರ ಹಿಡದು ತಾಮ್ರದ ಕೊಡದಾಗ ತುಂಬಿಟ್ಟು ಹಾಕೇನಿ. ತಾಮ್ರದ್ದು ಛಲೋ ಅಲ್ಲೇನು?”

ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ತಾಮ್ರ ತೀರಾ ಕಡಿಮೆ ಪ್ರಮಾಣದಲ್ಲೂ ವಿಷ. ಏನೂ ಕರಗಿರದ ನೀರು ಲೋಹವನ್ನು ಬೇಗ ಬಿಡಿಸಿಕೊಳ್ಳುತ್ತದೆ. ಹೇಳದೇ ಹೋದ ತಪ್ಪು ನನ್ನದು. ಅವತ್ತೇ 30 ಲೀಟರ್ ಬದಲಿಸಿದೆ, ಎರಡು ದಿನ ಬಿಟ್ಟು ಮತ್ತೆ 30. ಫಿಲ್ಟರಿನಲ್ಲಿ ಹೊಸ ಕಾರ್ಬನ್ ಇಟ್ಟೆ. ಮಶ್ರೂಮ್ ಮತ್ತೆ ಬಿಚ್ಚಿಕೊಳ್ಳಲು ಹದಿನೈದು ದಿನ ಹಿಡಿಯಿತು. ಜೀನಿಯಾ ಬರಲಿಲ್ಲ. ಈಗ ಮೂಲೆಯ ಬಿಳಿ ಪ್ಲಾಸ್ಟಿಕ್ ಕ್ಯಾನಿನ ಮೇಲೆ ಅವ್ವನ ಕೈಬರಹವಿದೆ: “ಹವಳದ ನೀರು, ಕೊಡಕ್ಕ ಹಾಕಬ್ಯಾಡ್ರಿ.”

ಶಾಖ 25–26 ಡಿಗ್ರಿಯಲ್ಲಿದ್ದರೆ ನೆಮ್ಮದಿ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳಿವೆ, ಬೆಳಕಿನಿಂದ ಅವು ಮಾಡುವ ಆಹಾರವೇ ಇದರ ಮುಖ್ಯ ಊಟ. ನೀರು ದಿನಗಟ್ಟಲೆ 30 ದಾಟಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದು ಇದೇ. ಬೇಸಿಗೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತದೆ, ಹರವಿಯ ನೀರು ತಣ್ಣಗಾಗುವ ಹಾಗೇ. ಫ್ಯಾನ್ ಹಚ್ಚಿದ ದಿನ ಪಟ್ಟಿಯನ್ನು ಇನ್ನಷ್ಟು ಗಮನಿಸಬೇಕು. ಚಳಿಗಾಲದ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು. ಕರೆಂಟು ಹೋದರೆ ಇನ್ವರ್ಟರ್ ಮೇಲೆ ಅಲೆ ಎಬ್ಬಿಸುವ ಪಂಪ್ ಒಂದು ನಡೆದರೆ ಸಾಕು, ದೀಪ ಆರಿದ್ದರೆ ನಡೆಯುತ್ತದೆ.

ಹೊಸಬರು ಹೆದರುವುದು ಲೆದರ್ ಹವಳ ಮುಚ್ಚಿಕೊಂಡಾಗ. ಅಣಬೆಯಂಥ ಅದರ ತಲೆ ನಾಲ್ಕೈದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೋಳಾಗಿ ಮೇಣ ಸವರಿದಂತೆ ಹೊಳೆಯುತ್ತದೆ. ಆಮೇಲೆ ಆ ತೆಳುಪೊರೆ ಅಂಚಿನಿಂದ ಸುಲಿಯುತ್ತ ನೀರಿನ ಹೊಡೆತಕ್ಕೆ ಚಿಂದಿಯಾಗಿ ತೇಲಿಹೋಗುತ್ತದೆ. ಕೆಳಗಿನಿಂದ ಪಾಲಿಪ್ ಎಂಬ ಹೂವಿನಂಥ ಸಾವಿರ ಪುಟ್ಟ ಬಾಯಿಗಳು ಮತ್ತೆ ತಲೆ ಎತ್ತುತ್ತವೆ. ಅದು ಪೊರೆ ಬಿಡುತ್ತಿದೆ, ಅಷ್ಟೇ. ಆಗ ಔಷಧಿ ಸುರಿಯಬೇಡಿ, ಅತ್ತ ನೀರಿನ ಓಟ ಸ್ವಲ್ಪ ಹೆಚ್ಚಿಸಿ.

ಉಂಗುರದ ಹವಳ ಇದೇನಾ ಎಂದೂ ಕೇಳುತ್ತಾರೆ. ಅಲ್ಲ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು, ಅದರೊಳಗೆ ಪಾಚಿಯೂ ಇಲ್ಲ. ದಿಬ್ಬ ಕಟ್ಟುವ ಕಲ್ಲುಹವಳಗಳನ್ನು ನಾನು ಸಾಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಅವು ಸೇರಿವೆ, ನಮ್ಮ ಕಡಲಿನಿಂದ ಕೀಳುವುದು ಅಪರಾಧ. ನೇತ್ರಾಣಿ ದ್ವೀಪಕ್ಕೆ ಹೋದವರು ನೆನಪಿಗೆಂದು ಒಂದು ಚೂರೂ ತರಬೇಡಿ, ದಯವಿಟ್ಟು. ನನ್ನಲ್ಲಿರುವ ಮೆದು ಹವಳಗಳೆಲ್ಲ ಬೇರೆ ಸಾಕಣೆದಾರರ ಟ್ಯಾಂಕಿನಲ್ಲಿ ಬೆಳೆದು ಕತ್ತರಿಸಿದ ತುಂಡುಗಳು. ಅಂಗಿಯ ಗುಂಡಿಯಂತಿರುವ, ಬಣ್ಣಬಣ್ಣದ ಜೋವಾಂಥಿಡ್ ಎಂಬ ಹವಳದ ಬಂಧುಗಳನ್ನು ಇಟ್ಟವರು ಕೈಗವಸು, ಕನ್ನಡಕವಿಲ್ಲದೆ ಮುಟ್ಟಬಾರದು. ಅವು ಕೂತ ಕಲ್ಲನ್ನು ಎಂದಿಗೂ ಕುದಿಸಬಾರದು. ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ, ಅದರ ಹಬೆಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು.

ನಮ್ಮ ಮಶ್ರೂಮ್ ಈಗ ಎರಡಾಗಿ ಒಡೆದು, ಪಕ್ಕದ ಕಲ್ಲಿನ ಮೇಲೆ ಉಗುರಗಲದ ಮರಿಯೊಂದು ಕೂತಿದೆ. ನಿಮ್ಮ ಟ್ಯಾಂಕಿನ ನೀರು ಆರು ತಿಂಗಳು ಪಟ್ಟಿ ಬಿಟ್ಟು ಇಳಿಯದಿದ್ದರೆ ಒಂದು ಡಬ್ಬಿ ತಗೊಂಡು ಬರ್ರಿ, ಅದನ್ನ ಕೊಡತೀನಿ. ಸ್ಟೀಲಿನದಾಗಲಿ ತಾಮ್ರದ್ದಾಗಲಿ ಬ್ಯಾಡ, ಪ್ಲಾಸ್ಟಿಕ್ಕಿಂದು.