ಐದು ರೂಪಾಯಿಗೆ ಐದು ರೂಪಾಯಿ ಇಟ್ಟಿದ್ದೆ, ಆದರೂ ತಪ್ಪು ನನ್ನದೇ

ಬಾಗಲಕೋಟೆಯ ನವನಗರದ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷ ಆಯಿತು. ನೋಟು ಎಣಿಸೋಕೆ ಮಷಿನ್ ಇದೆ. ಚಿಲ್ಲರೆ ಮಾತ್ರ ನಮ್ಮಲ್ಲಿ ಇವತ್ತಿಗೂ ಕೈಯಿಂದಲೇ ದಾಟಬೇಕು.

ಚಿಲ್ಲರೆ ಜಾಸ್ತಿ ಬರೋದು ಸೋಮವಾರ. ಖಾನಾವಳಿಯವರು, ಹಾಲಿನವರು, ಕಿರಾಣಿ ಅಂಗಡಿಯವರು ತರುತ್ತಾರೆ. ಜಾತ್ರೆ ಮುಗಿದ ವಾರ ಗುಡಿಯ ಹುಂಡಿ ರೊಕ್ಕವೂ ಬರುತ್ತದೆ. ಅದನ್ನು ಎಣಿಸಿದ ದಿನ ಸಂಜೆವರೆಗೂ ಬೆರಳಿಗೆ ಕುಂಕುಮ, ಭಂಡಾರದ ಬಣ್ಣ. ನೂರು ನೂರರ ಪ್ಲಾಸ್ಟಿಕ್ ಚೀಲ ಕಟ್ಟಿ ತಂದರೆ ಅನುಕೂಲ, ತೂಕ ಮಾಡಿಯೂ ತೆಗೆದುಕೊಳ್ಳಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಆದರೆ ತೂಕವನ್ನು ಪೂರ್ತಿ ನಂಬೋಕಾಗಲ್ಲ. ಹಳೆಯ ದಪ್ಪ 5 ರೂಪಾಯಿ 9 ಗ್ರಾಂ. 2007ರಿಂದ ಬಂದ ಸ್ಟೀಲಿನದು, 2009ರಲ್ಲಿ ಬಂದ ಹಳದಿ ಬಣ್ಣದ್ದು, ಎರಡೂ 6 ಗ್ರಾಂ. ನೂರು ದಪ್ಪನೆಯವು 900 ಗ್ರಾಂ ತೂಗಿದರೆ ನೂರು ಹೊಸವು 600 ಗ್ರಾಂ. ಎರಡೂ ಬೆರೆತ ಚೀಲದ ತೂಕದಿಂದ ಏನೂ ಗೊತ್ತಾಗಲ್ಲ. ಇನ್ನೊಂದು ಇದಕ್ಕಿಂತ ಕಷ್ಟದ್ದು. ತೊಂಬತ್ತರ ದಶಕದ ಸ್ಟೀಲಿನ 1 ರೂಪಾಯಿಯೂ 2011ರಲ್ಲಿ ಬಂದ 2 ರೂಪಾಯಿಯೂ ಒಂದೇ ತೂಕ, ಒಂದೇ ಅಗಲ. 4.85 ಗ್ರಾಂ, 25 ಮಿಲಿಮೀಟರ್. ಒಂದರ ಚೀಲದಲ್ಲಿ ಎರಡು ಸೇರಿದ್ದರೆ ತಕ್ಕಡಿ ಹೇಳಲ್ಲ. ಕಣ್ಣೇ ಹೇಳಬೇಕು.

ಹೀಗೆ ಚೀಲ ಸುರಿದು ಒಂದೊಂದೇ ನೋಡುತ್ತಾ ನೋಡುತ್ತಾ ನನಗೆ ನಾಣ್ಯದ ಹುಚ್ಚು ಹತ್ತಿತು. ಮೊದಲು ಕಲಿತದ್ದು ಇಸವಿಯ ಕೆಳಗೆ ನೋಡೋದು. ಅಲ್ಲಿ ಸಣ್ಣ ಚುಕ್ಕೆ ಇದ್ದರೆ ನೋಯ್ಡಾ ಟಂಕಸಾಲೆಯದು. ನಕ್ಷತ್ರ ಇದ್ದರೆ ಹೈದರಾಬಾದ್. ವಜ್ರದ ಆಕಾರ ಇದ್ದರೆ ಮುಂಬೈ. ಏನೂ ಇಲ್ಲದಿದ್ದರೆ ಕೋಲ್ಕತ್ತ. ನಮ್ಮಲ್ಲಿ ಸಾಕಾಗದೆ ಹೊರದೇಶದಲ್ಲಿ ಮಾಡಿಸಿದವೂ ಇವೆ. 1985ರ 1 ರೂಪಾಯಿಯಲ್ಲಿ ‘ಎಚ್’ ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು. 2000ನೇ ಇಸವಿಯ ಕೆಲವು 5 ರೂಪಾಯಿ ಮಾಸ್ಕೋದಿಂದ ಬಂದವು. ರಷ್ಯಾದಲ್ಲಿ ಹುಟ್ಟಿದ ನಾಣ್ಯ ನಮ್ಮೂರ ಖಾನಾವಳಿಯ ಗಲ್ಲೆಗೆ ಬಂದು ಬಿದ್ದಿರುತ್ತದೆ. ಅದು ಕೈಗೆ ಸಿಕ್ಕಾಗಿನ ಖುಷಿ ಇಂದಿಗೂ ಕಡಿಮೆ ಆಗಿಲ್ಲ.

ಈ ಖುಷಿಯಲ್ಲೇ ನಾನು ತಪ್ಪು ಮಾಡಿದೆ. ಕೆಲಸಕ್ಕೆ ಸೇರಿ ಮೂರನೇ ವರ್ಷ ಇರಬೇಕು. ಖಾನಾವಳಿ ಕಾಕಾ ತಂದ ಚೀಲ ಎಣಿಸುತ್ತಿದ್ದೆ. 5 ರೂಪಾಯಿಯ ರಾಶಿಯಲ್ಲಿ ಬಸವಣ್ಣನವರ ನಾಣ್ಯ ಬಂತು. 2006ರಲ್ಲಿ ಹೊರಬಂದದ್ದು. ಅದರ ಬಗ್ಗೆ ಕೇಳಿದ್ದೆ, ಕಣ್ಣಿಂದ ಕಂಡಿರಲಿಲ್ಲ. ಕೂಡಲಸಂಗಮ ಇರೋದು ನಮ್ಮ ಜಿಲ್ಲೆಯಲ್ಲೇ. ಚಿಕ್ಕವಳಿದ್ದಾಗಿನಿಂದ ಹೋಗಿ ಬಂದ ಜಾಗ. ಕೈ ಸುಮ್ಮನಿರಲಿಲ್ಲ. ಪರ್ಸಿನಿಂದ ನನ್ನ 5 ರೂಪಾಯಿ ತೆಗೆದು ಡ್ರಾವರಿಗೆ ಹಾಕಿದೆ. ಆ ನಾಣ್ಯವನ್ನು ಪರ್ಸಿಗೆ ಹಾಕಿದೆ. ಲೆಕ್ಕ ಸರಿಯಾಗೇ ಇದೆ ಅಲ್ವಾ ಅಂದುಕೊಂಡೆ.

ಅವತ್ತು ತಪಾಸಣೆಗೆ ಬಂದಿದ್ದ ಅಧಿಕಾರಿ ನನ್ನ ಹಿಂದೆಯೇ ನಿಂತಿದ್ದರು. “ಪರ್ಸಿಗೆ ಏನು ಹೋಯಿತು?” ಅಂತ ಕೇಳಿದರು. ಹೇಳಿದೆ. ಅವರು ಕೂಗಾಡಲಿಲ್ಲ. ಕೌಂಟರ್ ನಿಲ್ಲಿಸಿ ನನ್ನ ಡ್ರಾವರನ್ನು ಮೊದಲಿನಿಂದ ಎಣಿಸಿದರು. ನೋಟು, ಚಿಲ್ಲರೆ, ಹರಿದ ನೋಟು, ಎಲ್ಲ. ಹೊರಗೆ ಸಾಲು ನಿಂತಿತ್ತು. ಒಂದು ರೂಪಾಯಿಯೂ ಹೆಚ್ಚುಕಡಿಮೆ ಬರಲಿಲ್ಲ. ಆದರೂ ಲಿಖಿತ ವಿವರಣೆ ಕೊಡಬೇಕಾಯಿತು. ನಾಣ್ಯ ವಾಪಸ್ ಡ್ರಾವರಿಗೆ ಹೋಯಿತು.

ಅದಕ್ಕಿಂತ ಹೆಚ್ಚು ನೋವಾಗಿದ್ದು ಬೇರೆ ಮಾತಿಗೆ. ಗಾಜಿನ ಆಚೆ ಕಾಕಾ ಎಲ್ಲ ನೋಡುತ್ತಾ ನಿಂತಿದ್ದರು. “ನಮ್ಮ ಚೀಲದಾಗಿಂದ ಏನ್ ತಗದ್ರಿ ಅಕ್ಕಾರ?” ಅಂದರು. ಬೈದಂತೆ ಕೇಳಲಿಲ್ಲ, ಮೆತ್ತಗೆ ಕೇಳಿದರು. ಅಷ್ಟು ದಿನ ನನ್ನ ಮುಂದೆ ಚೀಲ ಇಟ್ಟು, “ನೀವs ಎಣಿಸಿ ಹೇಳ್ರಿ” ಅಂತ ಹೋಗಿ ಕೂತುಬಿಡುತ್ತಿದ್ದ ಮನುಷ್ಯ ಅವರು.

ಸಂಜೆ ನಮ್ಮ ಹೆಡ್ ಕ್ಯಾಶಿಯರ್ ಕರೆದು ಕೂರಿಸಿಕೊಂಡರು. “ರೊಕ್ಕ ಸರಿ ಐತಿ. ಆದರ ನೋಡಿದವರಿಗೆ ರೊಕ್ಕ ಕಾಣಂಗಿಲ್ಲ ತಂಗಿ, ಕೈ ಕಾಣತೈತಿ” ಅಂದರು. ಬೆಳಿಗ್ಗೆ ಒಳಗೆ ಬರುವಾಗ ಸ್ವಂತ ರೊಕ್ಕ ಎಷ್ಟಿದೆ ಅಂತ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಅದನ್ನು ನಾನು ಬರೀ ಮೊತ್ತದ ಲೆಕ್ಕ ಅಂದುಕೊಂಡಿದ್ದೆ. ಪರ್ಸು ಮತ್ತು ಡ್ರಾವರಿನ ನಡುವೆ ಕೈ ಓಡಾಡಲೇಬಾರದು ಅನ್ನೋದು ಅದರ ಅರ್ಥ ಅಂತ ಅವತ್ತು ತಿಳಿಯಿತು.

ಹವ್ಯಾಸ ಬಿಡು ಅಂತ ಅವರು ಹೇಳಲಿಲ್ಲ. ದಾರಿ ತೋರಿಸಿದರು. ಒಳ್ಳೆಯ ನಾಣ್ಯ ಕಂಡರೆ ತಂದವರಿಗೆ ಮೊದಲು ತೋರಿಸು. ಅವರಿಗೆ ಬೇಡವಾದರೆ ಎಲ್ಲ ಎಣಿಸಿ, ಅವರಿಗೆ ರಸೀದಿ ಕೊಟ್ಟು, ಆ ನಾಣ್ಯವನ್ನು ಬೇರೆ ಕವರಿನಲ್ಲಿ ಡ್ರಾವರಿನೊಳಗೇ ಇಡು. ಅದು ಇನ್ನೂ ಬ್ಯಾಂಕಿನದು. ಕೌಂಟರ್ ಮುಚ್ಚಿ ಲೆಕ್ಕ ಟ್ಯಾಲಿ ಆದ ಮೇಲೆ ಮ್ಯಾನೇಜರಿಗೆ ಹೇಳಿ ಈಚೆ ಬಾ. ಗಿರಾಕಿ ನಿಲ್ಲೋ ಜಾಗದಲ್ಲಿ ನಿಂತು, ನಿನ್ನ ರೊಕ್ಕ ಕೊಟ್ಟು, ಬೇರೆಯವರ ಕೈಯಿಂದ ತಗೋ. ಇಷ್ಟೇ. ಹೆಚ್ಚಂದರೆ ಐದು ನಿಮಿಷ ಹಿಡಿಯುತ್ತದೆ. ಅಂದಿನಿಂದ ಒಂದು ಸಲವೂ ತಪ್ಪಿಸಿಲ್ಲ.

ಮುಂದಿನ ಸೋಮವಾರ ಕಾಕಾ ಬಂದಾಗ ಕವರಿನಿಂದ ಆ ನಾಣ್ಯ ತೆಗೆದು ತೋರಿಸಿದೆ. “ಬಸವಣ್ಣ ನಮ್ಮ ಗಲ್ಲೆದಾಗ ಇದ್ದನೇನ್ರಿ!” ಅಂತ ಹಣೆಗೆ ಒತ್ತಿಕೊಂಡರು. 5 ರೂಪಾಯಿ ಕೊಟ್ಟು ದೇವರ ಜಗಲಿಗೆ ಒಯ್ದರು. ಚೀಲವನ್ನು ಮತ್ತೆ ನನ್ನ ಮುಂದೆ ಇಟ್ಟು ಹೋಗಿ ಕೂರೋಕೆ ಅವರಿಗೆ ಇನ್ನೂ ಒಂದಷ್ಟು ತಿಂಗಳು ಬೇಕಾಯಿತು. ಆ ತಿಂಗಳುಗಳಲ್ಲಿ ಅವರು ಗಾಜಿನ ಹತ್ತಿರವೇ ನಿಂತಿರುತ್ತಿದ್ದರು.

ಈ ಹವ್ಯಾಸ ಕೌಂಟರಿನಲ್ಲಿ ಬೇರೆ ರೀತಿಯಲ್ಲೂ ಕೆಲಸಕ್ಕೆ ಬಂದಿದೆ. ನಮ್ಮ ಕಡೆ 10 ರೂಪಾಯಿ ನಾಣ್ಯ ಬೇಡ ಅನ್ನುವ ಅಂಗಡಿ ಬಹಳ. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಅಂತ ಒಬ್ಬರು, ನಾಣ್ಯದ ಮೇಲಿನ ಗೆರೆ ಎಣಿಸಿ ಖೋಟಾ ಅಂತ ಇನ್ನೊಬ್ಬರು. ಚಿಹ್ನೆ ನಾಣ್ಯಕ್ಕೆ ಬಂದದ್ದೇ 2011ರಲ್ಲಿ. 14 ವಿನ್ಯಾಸದ 10 ರೂಪಾಯಿಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಆರೇಳು ಬಗೆಯವನ್ನು ಸಾಲಾಗಿ ಜೋಡಿಸಿ ತೋರಿಸುತ್ತೇನೆ. ಬಾಯಿಮಾತಿಗಿಂತ ಅದು ಬೇಗ ನಾಟುತ್ತದೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು. ಒಬ್ಬ ಹುಡುಗ, ಗೌಂಡಿ ಕೆಲಸದವನು, ಯಾರದೋ ಖಾತೆಗೆ ರೊಕ್ಕ ಕಟ್ಟೋಕೆ ಬಂದ. ಕೈಯಲ್ಲಿ ವೈಷ್ಣೋದೇವಿಯ ನಾಣ್ಯ. ಫೋನಿನಲ್ಲಿ ಯಾರೋ ಇದಕ್ಕೆ ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ನೋಂದಣಿ ಫೀಸು ಕಟ್ಟು ಅಂದಿದ್ದರಂತೆ. ರಿಸರ್ವ್ ಬ್ಯಾಂಕಿನ ಹೆಸರಿನ ಪತ್ರವನ್ನೂ ಕಳಿಸಿದ್ದರು. “ನಾಣ್ಯ ಮಾರೋನು ನೀನು. ರೊಕ್ಕ ನೀ ಕೊಡಬೇಕೋ ಅವರು ಕೊಡಬೇಕೋ ತಮ್ಮಾ?” ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಚಲನ್ ಹರಿದು ಹಾಕಿದ. ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಯಾವ ಕಮಿಷನ್ನೂ ಕೇಳಲ್ಲ, ತನ್ನ ಹೆಸರಲ್ಲಿ ಮೋಸ ನಡೀತಿದೆ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಆ ನಾಣ್ಯ 2012ರದು, ಚಲಾವಣೆಗೆ ಬಿಟ್ಟದ್ದು. ಚಿಲ್ಲರೆಯಲ್ಲಿ ಸಿಗೋ ನಾಣ್ಯಗಳಲ್ಲಿ ಬಹುಪಾಲು ಅದರ ಮೇಲೆ ಬರೆದಷ್ಟೇ ಬಾಳುತ್ತವೆ. ನನ್ನ ಡಬ್ಬಿಯಲ್ಲಿರೋವೂ ಹಾಗೆಯೇ.

ಹೋದ ವರ್ಷ ಒಬ್ಬರು ಅಜ್ಜಿ ಹಾರ್ಲಿಕ್ಸ್ ಡಬ್ಬಿ ತುಂಬಾ ಚಿಲ್ಲರೆ ತಂದಿದ್ದರು. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗುವಾಗ ಅಟ್ಟದ ಮೇಲಿಂದ ಇಳಿಸಿದ ಡಬ್ಬಿ. ನವನಗರಕ್ಕೆ ಬಂದ ಮೇಲೆ ಟ್ರಂಕಿನಲ್ಲೇ ಇತ್ತಂತೆ. ನಾಕಾಣೆ, ಆರು ಮೂಲೆಯ 20 ಪೈಸೆ, ಅಂಚು ಅಲೆಅಲೆಯ 10 ಪೈಸೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅವನ್ನು ನಾನು ಜಮಾ ಮಾಡಿಕೊಳ್ಳುವಂತಿರಲಿಲ್ಲ. ಇದನ್ನು ಹೇಳೋಕೆ ಸಂಕಟ ಆಯಿತು. ಎಂಟಾಣೆ, ರೂಪಾಯಿ ಮಾತ್ರ ಬೇರೆ ತೆಗೆಯುತ್ತಿದ್ದೆ. ಅದರಲ್ಲಿ ನೆಹರೂ ಅವರ 1964ರ 1 ರೂಪಾಯಿ ಸಿಕ್ಕಿತು. ಸ್ವತಂತ್ರ ಭಾರತ ಒಬ್ಬರ ನೆನಪಿಗಾಗಿ ಮಾಡಿದ ಮೊದಲ ನಾಣ್ಯ ಅದು.

ಅಜ್ಜಿಗೆ ತೋರಿಸಿ ಹೇಳಿದೆ. ಇದನ್ನು ನನ್ನ ಹತ್ತಿರ ಜಮಾ ಮಾಡಿದರೆ ಒಂದೇ ರೂಪಾಯಿ ಬರುತ್ತದೆ. ಮನೆಯಲ್ಲಿಡಿ, ಇಲ್ಲ ಅಂದರೆ ನಾಣ್ಯ ಸಂಗ್ರಹಿಸೋರಿಗೆ ತೋರಿಸಿ, ಯಾರಿಗೂ ಮುಂಗಡ ರೊಕ್ಕ ಕಟ್ಟಬೇಡಿ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ತಿಕ್ಕಿದರೆ ಮೇಲಿನ ಹೊಳಪು ಹೋಗುತ್ತದೆ, ಸಂಗ್ರಹದವರು ಅಂಥದ್ದನ್ನು ಕೇಳಲ್ಲ. ಹಾಗಂದಾಗ ಪಕ್ಕದಲ್ಲಿದ್ದ ಮೊಮ್ಮಗಳ ಮುಖ ಸಣ್ಣದಾಯಿತು. ಬ್ಯಾಂಕಿಗೆ ಒಯ್ಯೋದು ಅಂತ ಹಿಂದಿನ ದಿನ ಅರ್ಧ ಡಬ್ಬಿಯನ್ನು ಅವಳೇ ಕೂತು ತಿಕ್ಕಿ ತೊಳೆದಿದ್ದಳಂತೆ.

ಅಜ್ಜಿ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿದರು. ಮಾಸಲಾಗಿಯೇ ಇತ್ತು.

“ಇದು ಉಳದೈತಿ ನೋಡು ಯವ್ವಾ” ಅಂತ ಮೊಮ್ಮಗಳ ಕೈಗೆ ಕೊಟ್ಟರು. ಆ ಹುಡುಗಿ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. ನಾನು ಉಳಿದ ಎಂಟಾಣೆ ಎಣಿಸೋಕೆ ಶುರು ಮಾಡಿದೆ.